ತಾತ ಹೇಳಿದ್ದು ತಪ್ಪಾದ ದಿನ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ನನ್ನ ಕೌಂಟರು ದಾಟಿ ಒಂದೇ ಒಂದು ಸುಳ್ಳು ಚೆಕ್ ಹೋಗಿರಲಿಲ್ಲ. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಈ ಮಾತನ್ನೂ ಕೊಡುತ್ತಿದ್ದೆ. ನಿವೃತ್ತನಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಅಂಥದೊಂದು ಚೆಕ್ ನನ್ನ ಕೈಯಿಂದಲೇ ಪಾಸಾಯಿತು. ಅದು ಕಾಗದದ ಚೆಕ್ ಅಲ್ಲ, ಫೋನಿನಲ್ಲಿ ಬಂದ ಒಂದು ಚಿತ್ರ.

ಕಳೆದ ದೀಪಾವಳಿಯ ಮರುದಿನ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಅದು ಬಂತು. ಕತ್ತಲಲ್ಲಿ ಭಾರತದ ನಕ್ಷೆ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬೆಳಕಿನ ಚುಕ್ಕೆಗಳು. ಕೆಳಗೆ, ದೀಪಾವಳಿ ರಾತ್ರಿ ನಾಸಾದ ಉಪಗ್ರಹ ತೆಗೆದ ಚಿತ್ರ ಎಂಬ ಒಕ್ಕಣೆ. ನನಗೆ ರೋಮಾಂಚನವಾಯಿತು. ಏಳನೇ ತರಗತಿಯ ಮೊಮ್ಮಗಳು ಪುಟ್ಟಿಯನ್ನು ಕೂಗಿ ತೋರಿಸಿದೆ. "ನೋಡು, ನಾವು ಹಚ್ಚಿದ ಹಣತೆ ಆಕಾಶಕ್ಕೂ ಕಂಡಿದೆ" ಎಂದೆ. ಅವಳಿಗೆ ಶಾಲೆಯ ವಿಜ್ಞಾನ ಮೂಲೆಗೆ ಒಂದು ಚಾರ್ಟ್ ಮಾಡಬೇಕಿತ್ತು. ಎರಡು ದಿನ ಕೂತು, ಬಣ್ಣದ ಪೆನ್ಸಿಲ್ ಸವೆಸಿ, ಅದೇ ಚಿತ್ರವನ್ನು ಬರೆದಳು.

ಚಾರ್ಟ್ ಒಪ್ಪಿಸಿದ ದಿನ ಸಂಜೆ ಅವಳು ನನ್ನ ಕಡೆ ನೋಡಲಿಲ್ಲ. ಸುರುಳಿ ಸುತ್ತಿದ ಚಾರ್ಟನ್ನು ಬೀರುವಿನ ಹಿಂದೆ ತುರುಕಿದಳು. ಅವರ ಅಜ್ಜಿ ಮೆಲ್ಲಗೆ ಕೇಳಿದಾಗ ವಿಷಯ ಹೊರಬಂತು. ಚಿತ್ರ ಎಲ್ಲಿಂದ ಬಂತು ಎಂದು ಟೀಚರ್ ಕೇಳಿದರಂತೆ. "ನಮ್ಮ ತಾತ ಹೇಳಿದರು" ಎಂದಳಂತೆ. ಟೀಚರ್ ಬೈಯಲಿಲ್ಲ. ಇದು ದೀಪಾವಳಿಯ ಚಿತ್ರವಲ್ಲ ಎಂದಷ್ಟೇ ಹೇಳಿದರು. ಆದರೆ ಹಿಂದಿನ ಬೆಂಚಿನವರು ನಕ್ಕರು.

"ಇನ್ಮೇಲೆ ನಿನ್ನನ್ನ ಏನೂ ಕೇಳಲ್ಲ ತಾತ" ಎಂದು ಹೇಳಿ ಒಳಗೆ ಹೋದಳು.

ಮಕ್ಕಳೇ, ನಿಮಗೆ ಇದು ಸಣ್ಣ ಮಾತು ಅನಿಸಬಹುದು. ತಾತಂದಿರಿಗೆ ಗೊತ್ತು, ಅದು ಎಷ್ಟು ದೊಡ್ಡದೆಂದು. ಮೊಮ್ಮಕ್ಕಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ ಮನೆಯಲ್ಲಿ ನಮಗೆ ಉಳಿಯುವ ಕೆಲಸ ಹಾಲಿನ ಪ್ಯಾಕೆಟ್ ತರುವುದೊಂದೇ.

ಆ ರಾತ್ರಿ ಮಗನನ್ನು ಕೂರಿಸಿಕೊಂಡು ಆ ಚಿತ್ರದ ಮೂಲ ಹುಡುಕಿದೆ. ಚಿತ್ರ ನಿಜವಾದದ್ದೇ. ಆದರೆ ಒಂದು ರಾತ್ರಿಯದಲ್ಲ. ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆಯಾದ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್ ಅದನ್ನು 2003ರಲ್ಲಿ ತಯಾರಿಸಿದ್ದರು. ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಒಂದರ ಮೇಲೊಂದು ಇಟ್ಟು ಮಾಡಿದ ನಕ್ಷೆ ಅದು. 1992ಕ್ಕಿಂತ ಮೊದಲೇ ಬೆಳಕಿದ್ದ ಊರುಗಳು ಬಿಳಿ. 1992ರಲ್ಲಿ ಕಂಡದ್ದು ನೀಲಿ, 1998ರಲ್ಲಿ ಕಂಡದ್ದು ಹಸಿರು, 2003ರಲ್ಲಿ ಹೊಸದಾಗಿ ಕಂಡದ್ದು ಕೆಂಪು. ನಮ್ಮ ದೇಶದ ಊರುಗಳು ಹೇಗೆ ಬೆಳೆದವು ಎಂದು ತೋರಿಸುವ ನಕ್ಷೆಗೆ ಯಾರೋ ದೀಪಾವಳಿಯ ಹೆಸರು ಅಂಟಿಸಿದ್ದರು. ಇದು ಊರೆಲ್ಲ ಸುತ್ತಿದ್ದು ನೋಡಿ ನಾಸಾದವರೇ 2012ರ ನವೆಂಬರ್ 12ರ ರಾತ್ರಿಯ ನಿಜವಾದ ಚಿತ್ರವನ್ನು ಪ್ರಕಟಿಸಿ ವಿವರಣೆ ಕೊಟ್ಟಿದ್ದಾರೆ. ಹಬ್ಬದ ದೀಪಗಳಿಂದ ಹೆಚ್ಚಾಗುವ ಬೆಳಕು ಎಷ್ಟು ಕಡಿಮೆಯೆಂದರೆ ಆಕಾಶದಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲವಂತೆ.

ನಿದ್ದೆ ಬರಲಿಲ್ಲ. ಚೆಕ್ ಬಂದರೆ ಮೊದಲು ಏನು ನೋಡುತ್ತಿದ್ದೆ? ಮೂರು ಸಂಗತಿ. ಒಂದು, ತಾರೀಖು. ಎರಡು, ಅಕ್ಷರದಲ್ಲಿ ಬರೆದ ಮೊತ್ತವೂ ಅಂಕಿಯಲ್ಲಿ ಬರೆದ ಮೊತ್ತವೂ ಒಂದೇ ಇದೆಯೇ. ಮೂರು, ಸಹಿ ನಮ್ಮಲ್ಲಿರುವ ಮಾದರಿ ಸಹಿಗೆ ಹೊಂದುತ್ತದೆಯೇ. ಈ ಚಿತ್ರದಲ್ಲಿ ತಾರೀಖು ಇರಲಿಲ್ಲ. ಹೇಳಿದ ಮಾತಿಗೂ ತೋರಿಸಿದ ಬಣ್ಣಕ್ಕೂ ತಾಳೆಯಿರಲಿಲ್ಲ, ಹಣತೆಯ ಬೆಳಕು ಹಸಿರಾಗಿರುತ್ತದೆಯೇ? ಸಹಿ ನಾಸಾದ್ದು ಎಂದಿತ್ತು, ನಾಸಾದ್ದಾಗಿರಲಿಲ್ಲ. ಮೂರೂ ತಪ್ಪಿದ್ದ ಚೆಕ್ಕನ್ನು ನಾನು ಕಣ್ಣುಮುಚ್ಚಿ ಪಾಸು ಮಾಡಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆಳಿಗ್ಗೆ ಪುಟ್ಟಿಯ ಎದುರು ಕೂತು, "ನಂದು ತಪ್ಪಾಯ್ತು. ನೋಡದೇ ಹೇಳಿದೆ" ಎಂದೆ. ಅವಳು ಏನೂ ಅನ್ನಲಿಲ್ಲ. "ಶನಿವಾರ ಸಂಜೆ ಒಂದೊಂದು ಒಳ್ಳೆ ಚಿತ್ರ ನೋಡೋಣ. ನೀನೇ ಪರೀಕ್ಷೆ ಮಾಡು" ಎಂದೆ. ಮೂರನೇ ತರಗತಿಯ ಚಿನ್ನು ತಕ್ಷಣ ಒಪ್ಪಿದ. ಪುಟ್ಟಿ ದೂರದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಳು. ಅಷ್ಟೇ ಸಾಕೆನಿಸಿತು.

ಮಕ್ಕಳಿಗೆ ಫೋನಿನಲ್ಲಿ ಏನು ತೋರಿಸಲಿ ಎಂದು ಹಲವು ಅಜ್ಜ-ಅಜ್ಜಿಯರು ಈ ಅಂಕಣಕ್ಕೆ ಪತ್ರ ಬರೆದು ಕೇಳುತ್ತಿರುತ್ತೀರಿ. ನಮ್ಮ ಶನಿವಾರಗಳ ಪಟ್ಟಿಯೇ ಅದಕ್ಕೆ ಉತ್ತರ.

ಮೊದಲ ಶನಿವಾರ ನೋಡಿದ್ದು 'ಪವರ್ಸ್ ಆಫ್ ಟೆನ್'. ಅಂದರೆ ಹತ್ತರ ಘಾತಗಳು. 1977ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಮಾಡಿದ್ದು. ಒಂಬತ್ತೇ ನಿಮಿಷ. ಷಿಕಾಗೋ ನಗರದ ಸರೋವರದ ದಡದಲ್ಲಿ ಇಬ್ಬರು ಚಾಪೆ ಹಾಸಿ ವನಭೋಜನಕ್ಕೆ ಬಂದಿದ್ದಾರೆ. ಮೊದಲು ಕಾಣುವುದು ಒಂದು ಮೀಟರ್ ಅಗಲದ ನೋಟ. ಆಮೇಲೆ ಹತ್ತು ಸೆಕೆಂಡಿಗೊಮ್ಮೆ ಆ ನೋಟ ಹತ್ತು ಪಟ್ಟು ಹಿಗ್ಗುತ್ತಾ ಹೋಗುತ್ತದೆ. ಉದ್ಯಾನ, ಊರು, ಸರೋವರ, ಭೂಮಿ, ಸೌರವ್ಯೂಹ, ನಕ್ಷತ್ರಗಳು, ನಮ್ಮ ಆಕಾಶಗಂಗೆ, ಅದರಾಚೆಯ ಖಾಲಿ ಕತ್ತಲು. ಒಂದರ ಮುಂದೆ 24 ಸೊನ್ನೆ ಹಾಕಿದಷ್ಟು ಮೀಟರ್ ತಲುಪಿ, ಅಲ್ಲಿಂದ ಸರಸರನೆ ವಾಪಸು ಬಂದು, ಮಲಗಿದ ಮನುಷ್ಯನ ಕೈಯ ಚರ್ಮದೊಳಗೆ ಇಳಿಯುತ್ತದೆ. ಜೀವಕೋಶ, ಅಣು, ಪರಮಾಣು, ಕೊನೆಗೆ ಪ್ರೋಟಾನ್.

ಜೀವನವಿಡೀ ಸೊನ್ನೆ ಎಣಿಸಿದವನು ನಾನು. ಒಂದು ಸೊನ್ನೆ ಹೆಚ್ಚಾದರೆ ರಾತ್ರಿ ಎಂಟರವರೆಗೆ ಲೆಡ್ಜರ್ ತಿರುವಿ ಹಾಕಬೇಕಿತ್ತು. ಕೋಟಿಗೆ ಏಳು ಸೊನ್ನೆ. 24 ಸೊನ್ನೆ ಎಂದರೆ ಏನೆಂದು ಈ ಚಿತ್ರ ನೋಡುವವರೆಗೆ ನನಗೂ ಕಣ್ಣಿಗೆ ಕಟ್ಟಿರಲಿಲ್ಲ. 24 ಹೆಜ್ಜೆ, ಹೆಜ್ಜೆಗೆ ಹತ್ತು ಸೆಕೆಂಡು, ನಾಲ್ಕೇ ನಿಮಿಷದಲ್ಲಿ ಅಲ್ಲಿರುತ್ತೀರಿ. ಚಿನ್ನು ಬೆರಳು ಮಡಚುತ್ತಾ ಎಣಿಸಿದ. ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ, ದನಿ ಕಡಿಮೆ ಮಾಡಿ ನೀವೇ ಕನ್ನಡದಲ್ಲಿ ಹೇಳಿ.

ಈ ದಂಪತಿಗೂ ನಮಗೂ ಒಂದು ನಂಟಿದೆ. 1958ರಲ್ಲಿ ಭಾರತ ಸರ್ಕಾರಕ್ಕೆ ಅವರು ಒಂದು ವರದಿ ಬರೆದುಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಲು ಅದೇ ಕಾರಣ. ಇಲ್ಲಿ ನೋಡಿದ ವಸ್ತುಗಳಲ್ಲೆಲ್ಲ ಅವರು ಬಹಳ ಮೆಚ್ಚಿದ್ದು ಯಾವುದು ಗೊತ್ತೇ? ಲೋಟಾ. ನಮ್ಮ ಚೊಂಬು!

ಎರಡನೇ ಶನಿವಾರ ಕರೆಂಟ್ ಹೋಯಿತು. ಚಿನ್ನು ಅಳುಮುಖ ಮಾಡಿದ. ನಾನು ಮೇಣದಬತ್ತಿ ಹಚ್ಚಿ, "ಇವತ್ತಿನ ಉಪನ್ಯಾಸ ಇದರದೇ" ಎಂದೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಿಂದ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆಂದು ವಿಜ್ಞಾನ ಉಪನ್ಯಾಸಗಳು ನಡೆಯುತ್ತಿವೆ. ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ನಿಂತಿಲ್ಲ. ಮೈಕೆಲ್ ಫ್ಯಾರಡೆ ಅಲ್ಲಿ 19 ಸಲ ಈ ಮಾಲೆಯನ್ನು ನಡೆಸಿಕೊಟ್ಟರು. ಅವರ ಅತಿ ಪ್ರಸಿದ್ಧ ಮಾಲೆಯ ವಿಷಯ ಒಂದು ಮೇಣದಬತ್ತಿ! ಆರು ಉಪನ್ಯಾಸ, ಒಂದೇ ಮೇಣದಬತ್ತಿ. ಅದು 1861ರಲ್ಲಿ ಪುಸ್ತಕವೂ ಆಯಿತು.

ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಹಂಫ್ರಿ ಡೇವಿ ಎಂಬ ವಿಜ್ಞಾನಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಹುಡುಗ ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ರಟ್ಟು ಹಾಕಿ, ಡೇವಿಗೆ ಕಳಿಸಿದ. ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಇಂದು ನಮ್ಮ ಮನೆಗೆ ಕರೆಂಟ್ ಬರುವುದು ಆ ಹುಡುಗ ದೊಡ್ಡವನಾಗಿ ಕಂಡುಹಿಡಿದ ತತ್ವದಿಂದಲೇ. ಕೇಳಿದ ಪಾಠವನ್ನು ಬರೆದಿಟ್ಟುಕೊಳ್ಳಿ ಎಂದು ತಾತಂದಿರು ಏಕೆ ಗೊಣಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮನೆಯಲ್ಲಿ ಮಾಡುವ ಪ್ರಯೋಗ ಇದು. ಹಿರಿಯರು ಪಕ್ಕದಲ್ಲಿದ್ದಾಗ ಮಾತ್ರ. ಮೇಣದಬತ್ತಿ ಒಂದೆರಡು ನಿಮಿಷ ಚೆನ್ನಾಗಿ ಉರಿಯಲಿ. ಗಾಳಿಯಿಲ್ಲದ ಕಡೆ ಮೆಲ್ಲಗೆ ಊದಿ ಆರಿಸಿ. ಬತ್ತಿಯಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಹಚ್ಚಿದ ಬೆಂಕಿಕಡ್ಡಿಯನ್ನು ಆ ಎಳೆಗೆ ತಾಗಿಸಿದರೆ ಬೆಂಕಿ ಎಳೆಯ ಮೇಲೆ ಜಾರಿ ಬತ್ತಿಗೆ ಹತ್ತಿಕೊಳ್ಳುತ್ತದೆ. ಕಡ್ಡಿ ಬತ್ತಿಗೆ ತಾಗಿಯೇ ಇರುವುದಿಲ್ಲ! ಮೇಣ ಕರಗಿ, ಬತ್ತಿಯಲ್ಲಿ ಮೇಲೇರಿ, ಕಾದು ಆವಿಯಾಗುತ್ತದೆ. ಉರಿಯುವುದು ಆ ಆವಿ. ನಾವು ಹೊಗೆ ಎಂದುಕೊಂಡದ್ದು ಅದೇ ಮೇಣ. ನಾಲ್ಕನೇ ಸಲ ಮಾಡುವಾಗ ಪುಟ್ಟಿ ಕುರ್ಚಿಯಿಂದ ಎದ್ದು ಬಂದಿದ್ದಳು. ಕತ್ತಲಲ್ಲಿ ನಾನು ನೋಡಿದರೂ ನೋಡದವನ ಹಾಗೆ ಇದ್ದೆ.

ರಾಯಲ್ ಇನ್‌ಸ್ಟಿಟ್ಯೂಷನ್ನಿನ ಈ ಉಪನ್ಯಾಸಗಳು 1966ರಿಂದ ಪ್ರತಿವರ್ಷ ಟೀವಿಯಲ್ಲಿ ಬರುತ್ತಿವೆ. 1973ರಲ್ಲಿ ಡೇವಿಡ್ ಅಟೆನ್‌ಬರೊ ಪ್ರಾಣಿಗಳ ಭಾಷೆಯ ಬಗ್ಗೆ, 1977ರಲ್ಲಿ ಕಾರ್ಲ್ ಸೇಗನ್ ಗ್ರಹಗಳ ಬಗ್ಗೆ ಮಾತಾಡಿದರು. ಅಂತರ್ಜಾಲದಲ್ಲಿ ಹುಡುಕಿ. ಹೈಸ್ಕೂಲಿನ ಮಕ್ಕಳಿಗೆ ರಜೆಯಲ್ಲಿ ಒಳ್ಳೆಯ ಊಟ.

ಮೂರನೇ ಶನಿವಾರ ಪರದೆಯೇ ಇಲ್ಲ. ಸರ್ ಸಿ.ವಿ. ರಾಮನ್ ಅವರ ಒಂದು ಭಾಷಣವನ್ನು ಓದಿಕೊಂಡೆವು. 1968ರ ಡಿಸೆಂಬರ್ 22ರಂದು, ವಿಕ್ರಮ್ ಸಾರಾಭಾಯಿ ಅಹಮದಾಬಾದಿನಲ್ಲಿ ಕಟ್ಟಿದ ಸಮುದಾಯ ವಿಜ್ಞಾನ ಕೇಂದ್ರದಲ್ಲಿ ಆಕಾಶ ಏಕೆ ನೀಲಿ ಎಂಬ ವಿಷಯದ ಮೇಲೆ ಅವರು ಮಾತಾಡಿದರು. ಆಗ ಅವರಿಗೆ ಎಂಬತ್ತು ವರ್ಷ. ನನಗಿಂತ ಆರು ವರ್ಷ ದೊಡ್ಡವರು, ಉತ್ಸಾಹ ನನ್ನ ಚಿನ್ನುವಿನದು. ಉತ್ತರವನ್ನು ಮೊದಲೇ ಬಾಯಿಗೆ ಹಾಕುವುದಿಲ್ಲ. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಕೈಹಿಡಿದು ನಡೆಸುತ್ತಾರೆ. ಹಗಲು ಆಕಾಶ ನೀಲಿ, ಸರಿ. ಬೆಳದಿಂಗಳಿನಲ್ಲಿ ಏಕೆ ನೀಲಿಯಾಗಿ ಕಾಣುವುದಿಲ್ಲ? ಚಂದ್ರನಿಂದ ಬರುವುದೂ ಸೂರ್ಯನ ಬೆಳಕೇ ಅಲ್ಲವೇ?

ಹುಣ್ಣಿಮೆಗೆ ಎರಡು ದಿನ ಇತ್ತು. ಮೂವರೂ ತಾರಸಿಗೆ ಹೋಗಿ ನೋಡಿದೆವು. ಬೆಳದಿಂಗಳಿನ ಆಕಾಶವೂ ನೀಲಿಯೇ. ಆದರೆ ಬೆಳಕು ತೀರಾ ಕಡಿಮೆಯಿದ್ದಾಗ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾದ ಕಣ್ಣನ್ನು ತುಂಬ ಹೊತ್ತು ತೆರೆದಿಟ್ಟು ಫೋಟೋ ತೆಗೆದರೆ ನೀಲಿ ಕಾಣುತ್ತದೆ. ಕೆಳಗೆ ಬಂದು ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಒಂದು ಕಡೆಯಿಂದ ಟಾರ್ಚ್ ಬಿಟ್ಟೆವು. ಪಕ್ಕದಿಂದ ನೋಡಿದರೆ ನೀರು ನಸುನೀಲಿ. ಟಾರ್ಚಿನ ಎದುರಿನಿಂದ ನೋಡಿದರೆ ಬೆಳಕು ಕಿತ್ತಳೆ. ಹಾಲಿನ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಕೆಂಪು ನೇರ ದಾಟಿ ಬರುತ್ತದೆ. ಆಕಾಶದಲ್ಲಿ ಹಾಲಿಲ್ಲ, ಗಾಳಿಯ ಅಣುಗಳಿವೆ. ಹಗಲಿನ ನೀಲಿಗೂ ಸಂಜೆಯ ಕೆಂಪಿಗೂ ಇದೇ ಕಾರಣ. "ಹಾಲು ಹಾಳು ಮಾಡಿದಿರಿ" ಎಂದು ನಮ್ಮಾಕೆ ಬೈದಳು. ಆಮೇಲೆ ತಾನೂ ಬಗ್ಗಿ ನೋಡಿದಳು.

ನಾಲ್ಕನೇ ವಾರ ನೋಡಲಿಲ್ಲ, ಒಂದು ಚಿತ್ರದ ಕಥೆ ಹೇಳಿದೆ. ಇದು ಒಳ್ಳೆಯ ಪಟ್ಟಿಗೆ ಸೇರುವ ಚಿತ್ರವಲ್ಲ. ಆದರೆ ಸುಳ್ಳು ನೋಟನ್ನೂ ತೋರಿಸದಿದ್ದರೆ ಹೊಸ ಕ್ಯಾಷಿಯರ್ ಕಲಿಯುವುದು ಹೇಗೆ?

1958ರಲ್ಲಿ ಡಿಸ್ನಿ ಸಂಸ್ಥೆ 'ವೈಟ್ ವೈಲ್ಡರ್‌ನೆಸ್' ಎಂಬ ಸಾಕ್ಷ್ಯಚಿತ್ರ ತೆಗೆಯಿತು. ಉತ್ತರ ಧ್ರುವ ಪ್ರದೇಶದ ಪ್ರಾಣಿಗಳ ಬಗ್ಗೆ. ಅದರಲ್ಲಿ ಲೆಮಿಂಗ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಗಳು ಹಿಂಡುಹಿಂಡಾಗಿ ಬಂಡೆಯ ಅಂಚಿನಿಂದ ನೀರಿಗೆ ಹಾರಿ ಸಾಯುತ್ತವೆ. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ಲೆಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಜಗತ್ತೆಲ್ಲ ನಂಬಿತು. 1982ರಲ್ಲಿ ಕೆನಡಾದ ಟೀವಿ ಕಾರ್ಯಕ್ರಮವೊಂದು ನಿಜ ಬಯಲು ಮಾಡಿತು. ಬೇರೆ ಕಡೆಯಿಂದ ಹಣ ಕೊಟ್ಟು ತಂದ ಲೆಮಿಂಗ್‌ಗಳನ್ನು ಆಲ್ಬರ್ಟಾ ಪ್ರಾಂತ್ಯದಲ್ಲಿ ಚಿತ್ರೀಕರಿಸಿದ್ದರು. ಮಂಜು ಹರಡಿದ ತಿರುಗುಮಣೆಯ ಮೇಲೆ ಓಡಿಸಿ ಸಾವಿರಾರು ಇವೆ ಎಂಬಂತೆ ತೋರಿಸಿದ್ದರು. ಕೊನೆಗೆ ಅವನ್ನು ನದಿಗೆ ತಳ್ಳಿದ್ದರು. ಹಾರಿದ್ದಲ್ಲ, ತಳ್ಳಿದ್ದು! ಕೆಲವು ವರ್ಷ ಅವುಗಳ ಸಂಖ್ಯೆ ಮಿತಿಮೀರಿದಾಗ ಹೊಸ ಜಾಗ ಹುಡುಕಿ ಹೊರಡುವುದು ನಿಜ. ದಾರಿಯಲ್ಲಿ ಹೊಳೆ ದಾಟುವಾಗ ಕೆಲವು ಸಾಯುವುದೂ ನಿಜ. ಆತ್ಮಹತ್ಯೆ ಮಾತ್ರ ಸುಳ್ಳು.

"ಆಸ್ಕರ್ ಬಂದಿದ್ದೂ ಸುಳ್ಳಿರುತ್ತಾ?" ಎಂದು ಚಿನ್ನು ಕೇಳಿದ. ದೊಡ್ಡ ಮನುಷ್ಯರ ಸಹಿ ಇದ್ದ ಮಾತ್ರಕ್ಕೆ ನಾವು ಚೆಕ್ ಪಾಸು ಮಾಡುತ್ತಿರಲಿಲ್ಲ ಎಂದು ಹೇಳಿದೆ. ದೂರದ ಕುರ್ಚಿಯಿಂದ ಪುಟ್ಟಿಯ ದನಿ ಬಂತು. "ವಾಟ್ಸಾಪ್ ಸಹಿಗೆ ಮಾತ್ರ ಮಾಡ್ತೀಯ." ಅವಳ ಅಜ್ಜಿ ಅಡುಗೆಮನೆಯಲ್ಲಿ ನಕ್ಕಿದ್ದು ನನಗೆ ಕೇಳಿಸಿತು. ನಾನೂ ನಕ್ಕೆ. ಬೈಗುಳವಾದರೇನು, ಮಾತಾಡಿದಳಲ್ಲ.

ಐದನೇ ಶನಿವಾರ 'ವೈಲ್ಡ್ ಕರ್ನಾಟಕ'. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಮ್ಮ ರಾಜ್ಯದ ಅರಣ್ಯ ಇಲಾಖೆಯ ಜೊತೆಗೂಡಿ ಮಾಡಿದ ಚಿತ್ರ. 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂತು, ಅದೇ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಟೀವಿಯಲ್ಲಿ ಬಂತು. ಇಂಗ್ಲಿಷಿನಲ್ಲಿ ದನಿ ಅಟೆನ್‌ಬರೊ ಅವರದು, ಕನ್ನಡದಲ್ಲಿ ರಿಷಬ್ ಶೆಟ್ಟಿಯವರದು. ಕನ್ನಡದ ದನಿಯಲ್ಲೇ ಮಕ್ಕಳಿಗೆ ತೋರಿಸಿ. ನಮ್ಮ ಕಾಡಿನ ಕಥೆಯನ್ನು ನಮ್ಮ ಮಾತಿನಲ್ಲಿ ಕೇಳುವಾಗ ಮಕ್ಕಳು ಮಧ್ಯೆ ಏಳುವುದಿಲ್ಲ.

ಚಿಕ್ಕ ಮಕ್ಕಳ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಬೇಟೆಯ ದೃಶ್ಯ ಬಂದರೆ ಕಣ್ಣು ಮುಚ್ಚಿಸಬೇಡಿ, ಪಕ್ಕದಲ್ಲಿ ಕೂತಿರಿ. ಹುಲಿಯೊಂದು ಜಿಂಕೆಯ ಹಿಂದೆ ಬಿದ್ದ ಯಾವುದೋ ಚಿತ್ರ ನೋಡಿ ಚಿನ್ನು ಹಿಂದೊಮ್ಮೆ ರಾತ್ರಿಯಿಡೀ ಅತ್ತಿದ್ದ. ಹೆಚ್ಚಿನ ಬೇಟೆಗಳಲ್ಲಿ ಗೆಲ್ಲುವುದು ಜಿಂಕೆಯೇ, ಹುಲಿ ಹಸಿದುಕೊಂಡು ವಾಪಸಾಗುತ್ತದೆ ಎಂದು ಆಗ ಯಾರೂ ಅವನಿಗೆ ಹೇಳಿರಲಿಲ್ಲ. ಈ ಸಲ ನಾನು ಹೇಳಿದೆ. "ಹಾಗಾದ್ರೆ ಹುಲಿ ಮರಿಗಳು ಏನು ತಿನ್ನುತ್ತೆ?" ಎಂದ. ಎರಡು ಕಡೆಯ ಲೆಕ್ಕವೂ ಅವನಿಗೆ ಕಂಡಿತು.

ಈ ಚೆಕ್ಕಿನಲ್ಲೂ ಒಂದು ಅಂಶ ಗಮನಿಸಿ. ಸುಮಾರು ನಾಲ್ಕು ವರ್ಷ ಕಾದು ತೆಗೆದದ್ದನ್ನು ಒಂದು ಗಂಟೆಯೊಳಗೆ ತೋರಿಸುತ್ತಾರೆ. ಕಾಡು ಹಾಗಿರುವುದಿಲ್ಲ. ನಾನು ಬಂಡೀಪುರಕ್ಕೆ ಮೂರು ಸಲ ಹೋಗಿದ್ದೇನೆ. ಕಂಡದ್ದು ಹುಲಿಯ ಹೆಜ್ಜೆ ಗುರುತು ಒಂದೇ. ಮೂರನೇ ಸಲವಂತೂ ಅರ್ಧ ದಿನ ಕೂತು ಗೆದ್ದಲಿನ ಹುತ್ತ ನೋಡಿ ಬಂದೆ. ಸಫಾರಿಗೆ ಹೋದ ಮಕ್ಕಳು ಹುಲಿ ಕಾಣಲಿಲ್ಲ ಎಂದು ಮುನಿಸಿಕೊಂಡರೆ, ಕ್ಯಾಮೆರಾದವರು ಎಷ್ಟು ದಿನ ಬರಿಗೈಲಿ ಬಂದಿರಬೇಕು ಲೆಕ್ಕ ಹಾಕು ಎಂದು ಹೇಳಿ.

ಆರನೇ ಶನಿವಾರ ನೋಡಿದ್ದು ಸಣ್ಣ ಚಿತ್ರ, ಹನ್ನೆರಡು ನಿಮಿಷದ ಆಸುಪಾಸು. ಹೆಸರು 'ಮೈಂಡ್‌ಲೆಸ್ ಮೈನಿಂಗ್'. ಚೆನ್ನೈನ ಶೇಖರ್ ದತ್ತಾತ್ರಿ 2001ರಲ್ಲಿ ನಮ್ಮ ಕುದುರೆಮುಖದ ಬಗ್ಗೆ ಮಾಡಿದ್ದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ ಅದು. ಅಲ್ಲಿನ ಬೆಟ್ಟಗಳನ್ನು ಅಗೆದು, ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಮಳೆಗಾಲದಲ್ಲಿ ಅಗೆದ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಹಸಿರು ಬೆಟ್ಟದ ಮಧ್ಯೆ ಕೆಂಪು ಗಾಯದ ಹಾಗೆ ಆ ಗಣಿ ತೆರೆಯ ಮೇಲೆ ಕಂಡಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿದ್ದರು. 2002ರಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಪರಿಸರ ಚಿತ್ರ ನೋಡಿ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಕಾಡಿನವರು ನೋಡಿದ್ದನ್ನು ಊರಿನವರೂ ನೋಡುವಂತಾದರೆ ಕೆಲವೊಮ್ಮೆ ಬೆಟ್ಟ ಉಳಿಯುತ್ತದೆ.

ಚಿತ್ರ ಮುಗಿದ ಮೇಲೆ ದೀಪ ಹಾಕಿದೆ. ಪುಟ್ಟಿ ದೂರದ ಕುರ್ಚಿಯಲ್ಲಿರಲಿಲ್ಲ. ಯಾವಾಗ ಬಂದಳೋ, ದಿವಾನದ ಮೇಲೆ ನನ್ನ ಪಕ್ಕದಲ್ಲೇ ಕಾಲು ಮಡಚಿ ಕೂತಿದ್ದಳು.

"ತಾತ, ಗಣಿಯಲ್ಲಿ ಕೆಲಸ ಮಾಡ್ತಿದ್ದವರು ಆಮೇಲೆ ಎಲ್ಲಿಗೆ ಹೋದರು?" ಎಂದಳು.

ನನ್ನ ಗಂಟಲು ಕಟ್ಟಿತು. ಏಳು ವಾರಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಎಂಥ ಪ್ರಶ್ನೆ! ಲೆಡ್ಜರಿನಲ್ಲಿ ಜಮಾ ಬರೆದರೆ ಖರ್ಚೂ ಬರೆಯಬೇಕು. ಹನ್ನೆರಡು ನಿಮಿಷದ ಚಿತ್ರ ಒಂದು ಪುಟ ತೋರಿಸಿತು, ಹುಡುಗಿ ಇನ್ನೊಂದು ಪುಟ ತಿರುವಿದಳು. ಬಾಯಿಗೆ ಬಂದ ಉತ್ತರವೊಂದು ನಾಲಗೆಯ ತುದಿಯಲ್ಲಿತ್ತು. ದೀಪಾವಳಿಯ ಚಾರ್ಟ್ ನೆನಪಾಯಿತು, ನುಂಗಿಕೊಂಡೆ.

"ನಂಗೆ ಗೊತ್ತಿಲ್ಲ ಪುಟ್ಟಿ. ಹುಡುಕೋಣ" ಎಂದೆ.

"ತಾರೀಖು ಸಮೇತ ಹುಡುಕಬೇಕು" ಎಂದಳು.

ಮರುದಿನ ಬೀರುವಿನ ಹಿಂದಿನ ಚಾರ್ಟ್ ಹೊರಬಂತು. ಅವಳು ಅದನ್ನು ಹರಿಯಲಿಲ್ಲ. ದೀಪಾವಳಿ ಎಂಬ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ 'ನಮ್ಮ ಊರುಗಳು ಬೆಳೆದ ನಕ್ಷೆ' ಎಂದು ಬರೆದಳು. ಪಕ್ಕದಲ್ಲಿ ನಾಲ್ಕು ಬಣ್ಣ, ನಾಲ್ಕು ಕಾಲ. ಕೆಳಗೆ, ಇದನ್ನು ಮಾಡಿದವರ ಹೆಸರು. ತಂದು ನನ್ನ ಮುಂದೆ ಹರಡಿ, "ಪಾಸು ಮಾಡು" ಎಂದಳು. ಕನ್ನಡಕ ಹಾಕಿಕೊಂಡು ತಾರೀಖು, ಮೊತ್ತ, ಸಹಿ ಮೂರನ್ನೂ ನೋಡಿದೆ. 1998 ಎಂದು ಇರಬೇಕಾದ ಕಡೆ 1989 ಎಂದಿತ್ತು. ತೋರಿಸಿದೆ. ತಿದ್ದಿಕೊಂಡು ಬಂದಳು. ಆಮೇಲೆ ಮೂಲೆಯಲ್ಲಿ ಹಳೆಯ ಅಭ್ಯಾಸದಂತೆ ನನ್ನ ಪುಟ್ಟ ಸಹಿ ಹಾಕಿದೆ.

ತಾತಂದಿರೇ, ಅಜ್ಜಿಯರೇ, ಈ ಪಟ್ಟಿಯಲ್ಲಿ ಯಾವುದನ್ನಾದರೂ ತೋರಿಸಿ. ಆದರೆ ಫೋನನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗಬೇಡಿ, ಜೊತೆಗೆ ಕೂತಿರಿ. ತಿಳಿಯದ್ದಕ್ಕೆ ಗೊತ್ತಿಲ್ಲ ಎನ್ನಿ. ಮಾನ ಹೋಗುವುದಿಲ್ಲ, ನನ್ನದು ಹೋಗಿದ್ದು ಗೊತ್ತಿದೆ ಎಂದಾಗ.

ಮಕ್ಕಳೇ, ಈ ವಾರದ ನಿಮ್ಮ ಕೆಲಸ ಇದು. ಮನೆಯವರ ಫೋನಿಗೆ ಬಂದ ಯಾವುದಾದರೂ ಒಂದು ವಿಜ್ಞಾನದ ಚಿತ್ರ ಅಥವಾ ವಿಡಿಯೊ ಆರಿಸಿ. ತೆಗೆದದ್ದು ಯಾವಾಗ, ಹೇಳಿದ್ದಕ್ಕೂ ತೋರಿಸಿದ್ದಕ್ಕೂ ತಾಳೆ ಇದೆಯೇ, ಮಾಡಿದವರು ಯಾರು, ಈ ಮೂರನ್ನೂ ಪರೀಕ್ಷಿಸಿ ಒಂದು ಪುಟದಲ್ಲಿ ಬರೆದು ಕಳಿಸಿ. ಚೆಕ್ ವಾಪಸಾದರೆ ಕಾರಣ ಬರೆಯುವುದನ್ನು ಮರೆಯಬೇಡಿ. ಬಂದವುಗಳಲ್ಲಿ ಒಳ್ಳೆಯವನ್ನು ಮುಂದಿನ ಸಂಚಿಕೆಯೊಂದರಲ್ಲಿ ಹೇಳುತ್ತೇನೆ. ಈ ಸಲ ಪರೀಕ್ಷೆ ಮಾಡುವುದು ನಾನೊಬ್ಬನೇ ಅಲ್ಲ, ಪಕ್ಕದಲ್ಲಿ ಪುಟ್ಟಿಯೂ ಇರುತ್ತಾಳೆ.